ತಗಡಿನ ಗೋಡೆಯ ತೂತು ಮತ್ತು ಫ್ಯೂಸಿನ ಜಾಗ

ಬೋಧನಾಭ್ಯಾಸದ ಎರಡನೇ ವಾರದಲ್ಲಿ ಹತ್ತನೇ ತರಗತಿಗೆ ಗೃಹ ವಿದ್ಯುತ್ ಮಂಡಲದ ಪಾಠ ಮಾಡುತ್ತಿದ್ದೆ. ಶಾಲೆ ಇರುವುದು ಕೋಲಾರದ ಹತ್ತಿರದ ಒಂದು ಹಳ್ಳಿಯಲ್ಲಿ. ಚಾರ್ಟ್ ಚೆನ್ನಾಗಿ ಬಂದಿತ್ತು. ಸಜೀವ ತಂತಿಗೆ ಕೆಂಪು, ತಟಸ್ಥ ತಂತಿಗೆ ಕಪ್ಪು, ಭೂಸಂಪರ್ಕ ತಂತಿಗೆ ಹಸಿರು. ಹಿಂದಿನ ಬೆಂಚಿನಲ್ಲಿ ವೀಕ್ಷಕರು ಕುಳಿತಿದ್ದರು. ಅವಧಿ ಮುಗಿಯಲು ಏಳೆಂಟು ನಿಮಿಷ ಇರುವಾಗ ಕಿಟಕಿ ಪಕ್ಕದ ಹುಡುಗ ಎದ್ದು ನಿಂತು ಕೇಳಿದ: “ಮಿಸ್, ಫ್ಯೂಸನ್ನ ಸರ್ಕ್ಯೂಟಲ್ಲಿ ಎಲ್ಲಿ ಹಾಕ್ಬೇಕು?”

ನಾನು ಚಾರ್ಟ್ ತೋರಿಸಿ, “ಸಜೀವ ತಂತಿಯಲ್ಲಿ, ಸರಣಿಯಲ್ಲಿ ಹಾಕಬೇಕು. ಸರಣಿ ಜೋಡಣೆಯಲ್ಲಿ ಪ್ರವಾಹ ಎಲ್ಲ ಕಡೆಯೂ ಒಂದೇ ಅಲ್ಲವಾ? ಹಾಗಾಗಿ ಎಲ್ಲಿ ಹಾಕಿದರೂ ಒಂದೇ” ಎಂದೆ. ಹುಡುಗ ತಲೆಯಾಡಿಸಿ ಕುಳಿತ. ವೀಕ್ಷಣಾ ಹಾಳೆಯಲ್ಲಿ ‘ವಿದ್ಯಾರ್ಥಿಯ ಪ್ರಶ್ನೆಗೆ ಪೂರ್ವಜ್ಞಾನ ಬಳಸಿ ಉತ್ತಮ ವಿವರಣೆ’ ಎಂದು ಬರೆದಿತ್ತು. ನನಗೂ ಖುಷಿಯಾಯಿತು.

ಮೂರು ವಾರ ಕಳೆದ ಮೇಲೆ ಒಂದು ಸೋಮವಾರ ಆ ಹುಡುಗ ಶಾಲೆಗೆ ಬರಲಿಲ್ಲ. ಮಂಗಳವಾರ ಬಂದವನು ಮಾತಾಡಲಿಲ್ಲ. ಅವನ ಪಕ್ಕದವನು ಹೇಳಿದ: “ಮಿಸ್, ಇವರಪ್ಪನ ಗಾಡೀಲಿ ಹೊಗೆ ಬಂತಂತೆ. ಇವನೇ ವೈರ್ ಹಾಕಿದ್ದಂತೆ.”

ಅವರದು ಬೊಲೆರೊ ಪಿಕಪ್. ಅಪ್ಪ ಬೆಳಗಿನ ಜಾವ ಟೊಮೆಟೊ ಬಾಕ್ಸ್ ತುಂಬಿಕೊಂಡು ಮಂಡಿಗೆ ಹೋಗುತ್ತಾರೆ. ಚಳಿಗಾಲದ ಮಂಜಿನಲ್ಲಿ ದಾರಿ ಕಾಣುವುದಿಲ್ಲವೆಂದು ಎರಡು ಫಾಗ್ ಲ್ಯಾಂಪ್ ತಂದಿದ್ದರು. ವಿಜ್ಞಾನದಲ್ಲಿ ಚುರುಕಾದ ಮಗ ತಾನೇ ಜೋಡಿಸುತ್ತೇನೆ ಎಂದ. ಬ್ಯಾಟರಿಯಿಂದ ಒಂದು ವೈರು ಎಳೆದು, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನಲ್ಲಿ ಒಂದು ತೂತು ಕೊರೆದು, ಒಳಗೆ ತಂದು, ಸ್ವಿಚ್ಚಿಗೆ ಕೊಟ್ಟು, ಇನ್ನೊಂದು ವೈರನ್ನು ಅದೇ ತೂತಿನಿಂದ ಹೊರಗೆ ಕಳಿಸಿ ದೀಪಕ್ಕೆ ಸೇರಿಸಿದ್ದ. ಫ್ಯೂಸ್ ಹಾಕುವುದನ್ನು ಮರೆತಿರಲಿಲ್ಲ. ಕೆಟ್ಟರೆ ಬದಲಾಯಿಸಲು ಕೈಗೆ ಸಿಗಲಿ ಎಂದು ಸ್ವಿಚ್ಚಿನ ಪಕ್ಕದಲ್ಲಿ, ಕ್ಯಾಬಿನ್ನಿನ ಒಳಗೆ ಇಟ್ಟಿದ್ದ. ಎಲ್ಲಿ ಹಾಕಿದರೂ ಒಂದೇ ಎಂದು ಮಿಸ್ ಹೇಳಿದ್ದರಲ್ಲ.

ದಾರಿಯಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹೊಗೆ ಬಂದಿದೆ. ಅಪ್ಪ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಉರಿಯುತ್ತಿದ್ದ ವೈರನ್ನು ಬ್ಯಾಟರಿಯಿಂದ ಕಿತ್ತು ಎಸೆದಿದ್ದಾರೆ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅಷ್ಟಕ್ಕೇ ಮುಗಿದದ್ದು ಅದೃಷ್ಟ. ಹುಡುಗ ನನ್ನನ್ನು ದೂರಲಿಲ್ಲ. ಒಂದೇ ಪ್ರಶ್ನೆ ಕೇಳಿದ: “ಮಿಸ್, ಫ್ಯೂಸ್ ಇತ್ತಲ್ವಾ? ಅದು ಯಾಕೆ ಹೋಗ್ಲಿಲ್ಲ?” ಫ್ಯೂಸ್ ನಿಜಕ್ಕೂ ಚೆನ್ನಾಗಿಯೇ ಇತ್ತು. ಅದನ್ನು ಬಿಚ್ಚಿ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದ.

ಉತ್ತರ ನನಗೆ ಆಗ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಗೋಡೆ ಎಂದರೆ ಏನು

ಅಂದು ಸಂಜೆ ಹೆದ್ದಾರಿ ಪಕ್ಕದ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ಆ ಪಿಕಪ್ ರಿಪೇರಿಗೆ ಅಲ್ಲಿಗೇ ಬಂದಿತ್ತು. “ಏನಮ್ಮಾ, ಟೀಚರ್ರಾ ನೀವು? ಬನ್ನಿ, ನೋಡಿ” ಎಂದು ಅಂಗಡಿಯ ಅಣ್ಣ ಬಾನೆಟ್ ಎತ್ತಿದರು. ಈ ಲೇಖನದಲ್ಲಿ ಇರುವ ಕೈಕೆಲಸದ ವಿಷಯವೆಲ್ಲ ಅವರು ಎರಡು ಸಂಜೆ ಕೂರಿಸಿಕೊಂಡು ತೋರಿಸಿಕೊಟ್ಟದ್ದು. ಲೆಕ್ಕ ನನ್ನದು.

ಎಂಜಿನ್ ಇರುವ ಕಡೆಗೂ ಜನ ಕೂರುವ ಕಡೆಗೂ ನಡುವೆ ಉಕ್ಕಿನ ತಗಡಿನ ಒಂದು ಅಡ್ಡಗೋಡೆ ಇರುತ್ತದೆ. ಗಾಡಿಯ ಕೈಪಿಡಿಗಳಲ್ಲಿ ಇದಕ್ಕೆ ಫೈರ್‌ವಾಲ್ ಎನ್ನುತ್ತಾರೆ. ಎಂಜಿನ್ ಕಡೆ ಬೆಂಕಿ ಹತ್ತಿದರೆ ಸ್ವಲ್ಪ ಹೊತ್ತಾದರೂ ತಡೆಯಬೇಕು, ಹೊಗೆ, ಎಣ್ಣೆಯ ಆವಿ, ಬಿಸಿ, ಸದ್ದು, ಮಳೆನೀರು ಒಳಗೆ ಬರದಂತೆ ನೋಡಿಕೊಳ್ಳಬೇಕು. ಹಳೆಯ ಮೂತಿ ಚಾಚಿದ ಲಾರಿಗಳಲ್ಲೂ ಇದೇ ಜಾಗದಲ್ಲಿ ಈ ಗೋಡೆ ಇತ್ತು. ಈಗಿನ ಹೆಚ್ಚಿನ ದೊಡ್ಡ ಲಾರಿಗಳಲ್ಲಿ ಕ್ಯಾಬಿನ್ ಎಂಜಿನ್ನಿನ ಮೇಲೆಯೇ ಕೂತಿರುವುದರಿಂದ ಗೋಡೆಯ ಆಕಾರ ಬೇರೆ. ಆದರೆ ತಗಡು ದಾಟಿ ವೈರು ಒಳಗೆ ಹೋಗಲೇಬೇಕಾದ ಕಷ್ಟ ಅಲ್ಲೂ ಇದೆ.

ಕಂಪನಿಯಲ್ಲೇ ಈ ಗೋಡೆಗೆ ಹಲವು ತೂತು ಮಾಡಿರುತ್ತಾರೆ. ಸ್ಟಿಯರಿಂಗ್ ಕಂಬ, ಬ್ರೇಕ್ ಮತ್ತು ಕ್ಲಚ್ಚಿನ ಜೋಡಣೆ, ಮುಖ್ಯ ವೈರಿಂಗಿನ ಕಟ್ಟು ಎಲ್ಲವೂ ಇದನ್ನು ದಾಟಲೇಬೇಕು. ವೈರಿಂಗ್ ಕಟ್ಟು ದಾಟುವ ಕಡೆ ದಪ್ಪ ರಬ್ಬರಿನ ಬಳೆ ಇರುತ್ತದೆ. ಪುಸ್ತಕದಲ್ಲಿ ಅದು ಗ್ರಾಮೆಟ್, ಅಣ್ಣನ ಬಾಯಲ್ಲಿ ರಬ್ಬರ್ ಬುಷ್. ಬಳೆಯ ಹೊರಸುತ್ತಿನಲ್ಲಿ ಒಂದು ಗಾಡಿ ಇದ್ದು, ಅದರೊಳಗೆ ತಗಡಿನ ಅಂಚು ಕೂರುತ್ತದೆ. ವೈರಿಗೂ ತಗಡಿಗೂ ನಡುವೆ ರಬ್ಬರ್ ಬರುತ್ತದೆ.

ಹುಡುಗ ಕೊರೆದ ತೂತಿನಲ್ಲಿ ಬುಷ್ ಇರಲಿಲ್ಲ. ತೂತಿನ ಸುತ್ತ ಕೊರೆದಾಗ ಎದ್ದ ಚೂಪು ಅಂಚು ಹಾಗೇ ಇತ್ತು. “ಬೆರಳಿಡಿ ನೋಡಿ” ಎಂದರು ಅಣ್ಣ. ತರಕಾರಿ ತುರಿಯುವ ಮಣೆಯ ಹಾಗಿತ್ತು. ಎಂಜಿನ್ ಓಡುವಾಗ ಇಡೀ ಗಾಡಿ ನಡುಗುತ್ತದೆ. ಪ್ಲಾಸ್ಟಿಕ್ ಹೊದಿಕೆ ಆ ಅಂಚಿನ ಮೇಲೆ ದಿನವೂ ಉಜ್ಜುತ್ತಾ ಮೂರು ವಾರದಲ್ಲಿ ಸವೆದು, ಒಳಗಿನ ತಾಮ್ರ ತಗಡಿಗೆ ತಗಲಿತ್ತು.

ತೂತಿನ ಅಂಚು ಬ್ಯಾಟರಿಯ ಇನ್ನೊಂದು ತುದಿ

ನಮ್ಮ ಚಾರ್ಟಿನಲ್ಲಿ ಪ್ರವಾಹ ಹೋಗಲು ಒಂದು ತಂತಿ, ಮರಳಿ ಬರಲು ಇನ್ನೊಂದು ತಂತಿ ಇರುತ್ತದೆ. ಗಾಡಿಯ ದೀಪಕ್ಕೆ ಸಾಮಾನ್ಯವಾಗಿ ಒಂದೇ ವೈರು ಎಳೆಯುತ್ತಾರೆ. ಎರಡನೆಯದು ಎಲ್ಲಿ? ಗಾಡಿಯ ಮೈಯೇ ಎರಡನೆಯ ವೈರು. ಬ್ಯಾಟರಿಯ ಋಣ ತುದಿಯನ್ನು ದಪ್ಪ ಕೇಬಲ್ಲಿನಿಂದ ಗಾಡಿಯ ದೇಹಕ್ಕೂ ಎಂಜಿನ್ನಿಗೂ ಬಿಗಿದಿರುತ್ತಾರೆ. ದೀಪದ ಇನ್ನೊಂದು ತುದಿಯನ್ನು ಹತ್ತಿರದ ತಗಡಿಗೆ ಬೋಲ್ಟ್ ಹಾಕಿದರೆ ಮುಗಿಯಿತು, ಪ್ರವಾಹ ಉಕ್ಕಿನಲ್ಲೇ ಮರಳಿ ಬರುತ್ತದೆ. ಮೆಕ್ಯಾನಿಕ್ಕುಗಳು ಇದಕ್ಕೆ ‘ಬಾಡಿ ಅರ್ಥ್’ ಎನ್ನುತ್ತಾರೆ. ಈ ಪದ ತರಗತಿಯಲ್ಲಿ ಗೊಂದಲ ಮಾಡುತ್ತದೆ, ಏಕೆಂದರೆ ಇದು ನಮ್ಮ ಪಠ್ಯದ ಭೂಸಂಪರ್ಕ ತಂತಿ ಅಲ್ಲ. ಗಾಡಿ ನಿಂತಿರುವುದು ರಬ್ಬರ್ ಚಕ್ರಗಳ ಮೇಲೆ, ಇಲ್ಲಿ ಭೂಮಿಯ ಪಾತ್ರವೇ ಇಲ್ಲ. ಕೆಲಸದಲ್ಲಿ ಇದು ತಟಸ್ಥ ತಂತಿಗೆ ಹತ್ತಿರ.

ಇದನ್ನು ಒಪ್ಪಿಕೊಂಡರೆ ಗೋಡೆಯ ತೂತು ಬೇರೆಯಾಗಿ ಕಾಣುತ್ತದೆ. ಗೋಡೆಯೂ ಗಾಡಿಯ ಮೈಯ ಭಾಗ. ಅಂದರೆ ತೂತಿನ ಅಂಚು ಬ್ಯಾಟರಿಯ ಋಣ ತುದಿಗೆ ಜೋಡಿಸಿದ ಲೋಹ. ಧನ ತುದಿಯಿಂದ ಬಂದ ವೈರನ್ನು ನಾವು ಆ ಲೋಹದ ಬಳೆಯೊಳಗೆ ತೂರಿಸುತ್ತಿದ್ದೇವೆ. ನಡುವೆ ಇರುವುದು ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ ಪ್ಲಾಸ್ಟಿಕ್. ಮನೆಯಲ್ಲಿ ವೈರು ಸಿಮೆಂಟ್ ಗೋಡೆಯನ್ನು ದಾಟುವಾಗ ಈ ಸ್ಥಿತಿ ಇಲ್ಲ, ಗೋಡೆ ಅವಾಹಕ. ನಾನು ಮನೆಯ ಚಿತ್ರ ಇಟ್ಟುಕೊಂಡು ಕೊಟ್ಟ ಉತ್ತರವನ್ನು ಹುಡುಗ ಗಾಡಿಗೆ ಒಯ್ದಿದ್ದ. ಅವನು ಕೇಳಿದ್ದು ಗಾಡಿಯ ವಿಷಯ ಎಂದು ನಾನು ಕೇಳಿ ತಿಳಿದುಕೊಳ್ಳಲಿಲ್ಲ.

ಹೀಗಾದರೂ 12 ವೋಲ್ಟ್ ಅಷ್ಟೇ ಅಲ್ಲವೇ ಎಂಬ ಮಾತು ಬರುತ್ತದೆ. ನಮ್ಮ ತರಗತಿಯಲ್ಲಿ ಬಹುತೇಕ ಮಕ್ಕಳ ನಂಬಿಕೆ ಅದೇ ಆಗಿತ್ತು. ಬ್ಯಾಟರಿಯ ಎರಡು ತುದಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ. ಓಮನ ನಿಯಮವನ್ನು ಎರಡು ಸಲ ಹಾಕಿ ನೋಡಿದರೆ ಇದು ಬಿಡಿಸಿಕೊಳ್ಳುತ್ತದೆ. ಒಣ ಚರ್ಮದ ರೋಧ ಹತ್ತು ಸಾವಿರ ಓಮ್ ಎಂದು ಇಟ್ಟುಕೊಂಡರೆ 12 ವೋಲ್ಟಿಗೆ ಹರಿಯುವುದು ಒಂದು ಮಿಲಿಆಂಪಿಯರ್ ಚಿಲ್ಲರೆ. ಇನ್ನು ವೈರು. ಹುಡುಗ ಬಳಸಿದ್ದು ಮನೆಯಲ್ಲಿ ಬಲ್ಬ್ ಹೋಲ್ಡರಿಗೆ ಹಾಕಿ ಉಳಿದಿದ್ದ ತೆಳು ವೈರು, ಅಡ್ಡಕೊಯ್ತ ಸುಮಾರು 0.5 ಚದರ ಮಿ.ಮೀ. ಬ್ಯಾಟರಿಯಿಂದ ತೂತಿನವರೆಗೆ ಒಂದು ಮೀಟರ್. ತಾಮ್ರದ ರೋಧಶೀಲತೆಯಿಂದ ಲೆಕ್ಕ ಹಾಕಿದರೆ ಆ ತುಂಡಿನ ರೋಧ 0.034 ಓಮ್. ಬ್ಯಾಟರಿಯ ಆಂತರಿಕ ರೋಧ, ತಗಡು ತಗಲುವ ಜಾಗದ ರೋಧ ಎಲ್ಲ ಸೇರಿಸಿ ಒಟ್ಟು 0.05 ಎಂದುಕೊಳ್ಳೋಣ. 12 ಅನ್ನು 0.05ರಿಂದ ಭಾಗಿಸಿದರೆ 240 ಆಂಪಿಯರ್!

ಎಂಜಿನ್ ಸ್ಟಾರ್ಟ್ ಮಾಡಲು ನೂರಾರು ಆಂಪಿಯರ್ ಕೊಡುವಂತೆಯೇ ಗಾಡಿಯ ಬ್ಯಾಟರಿಯನ್ನು ಮಾಡಿರುತ್ತಾರೆ, ಆದ್ದರಿಂದ ಇದು ಕಾಗದದ ಮೇಲಿನ ಸಂಖ್ಯೆ ಮಾತ್ರವಲ್ಲ. ಜೌಲನ ನಿಯಮದಂತೆ ಆ ಒಂದು ಮೀಟರ್ ವೈರಿನಲ್ಲಿ ಉಂಟಾಗುವ ಉಷ್ಣದ ದರ 240ರ ವರ್ಗವನ್ನು 0.034ರಿಂದ ಗುಣಿಸಿದಷ್ಟು, ಸುಮಾರು 1950 ವ್ಯಾಟ್. ಬಕೆಟ್ ನೀರು ಕಾಯಿಸುವ ಇಮ್ಮರ್ಷನ್ ರಾಡು ಸಾಮಾನ್ಯವಾಗಿ 1000ದಿಂದ 1500 ವ್ಯಾಟ್. ಅದಕ್ಕಿಂತ ಹೆಚ್ಚಿನ ಬಿಸಿ ನೀರೇ ಇಲ್ಲದೆ, ನಾಲ್ಕೈದು ಗ್ರಾಂ ತಾಮ್ರದಲ್ಲಿ. ಪ್ಲಾಸ್ಟಿಕ್ ಕರಗಲು ಒಂದು ಸೆಕೆಂಡೂ ಬೇಕಾಗುವುದಿಲ್ಲ. ತಗಲಿಯೂ ತಗಲದ ಹಾಗೆ ಕಿಡಿ ಹಾರಿಸುತ್ತಾ ತಾಗಿದ್ದರೆ ಪ್ರವಾಹ ಇದಕ್ಕಿಂತ ತುಂಬ ಕಡಿಮೆ ಇದ್ದೀತು. ಆಗಲೂ ತೆಳು ವೈರನ್ನು ಸುಡಲು ಅದು ಸಾಕು.

ಎರಡು ದಾರಿ

ಈಗ ಜೇಬಿನಲ್ಲಿದ್ದ ಫ್ಯೂಸಿನ ಪ್ರಶ್ನೆ. ಬೋರ್ಡಿನ ಮೇಲೆ ಹೀಗೆ ಬರೆಯಬಹುದು. ಬ್ಯಾಟರಿಯ ಧನ ತುದಿ, ಅಲ್ಲಿಂದ ಗೋಡೆಯ ತೂತು, ನಂತರ ಒಳಗಿನ ಫ್ಯೂಸ್, ಸ್ವಿಚ್, ಮತ್ತೆ ಹೊರಗೆ ದೀಪ, ದೀಪದಿಂದ ಗಾಡಿಯ ಮೈ, ಮೈಯಿಂದ ಬ್ಯಾಟರಿಯ ಋಣ ತುದಿ. ಎಲ್ಲ ಸರಿ ಇರುವಾಗ ಇದೊಂದೇ ದಾರಿ. ಈ ದಾರಿಯಲ್ಲಿ ಪ್ರವಾಹ ಎಲ್ಲೆಡೆ ಒಂದೇ, ನಾನು ಹೇಳಿದ್ದು ಈ ಚಿತ್ರಕ್ಕೆ ಸರಿ.

ತೂತಿನ ಬಳಿ ತಾಮ್ರ ತಗಡಿಗೆ ತಾಗಿದ ಕ್ಷಣ ಹೊಸದೊಂದು ದಾರಿ ಹುಟ್ಟುತ್ತದೆ. ಧನ ತುದಿ, ತೂತು, ತಗಡು, ಋಣ ತುದಿ. ಅಷ್ಟೇ. ಈ ಗಿಡ್ಡ ದಾರಿಯಲ್ಲಿ ಸ್ವಿಚ್ ಇಲ್ಲ, ದೀಪ ಇಲ್ಲ, ಫ್ಯೂಸೂ ಇಲ್ಲ. ಫ್ಯೂಸ್ ಉಳಿದದ್ದು ಹಳೆಯ ದಾರಿಯಲ್ಲಿ, ಅಲ್ಲಿ ಹೆಚ್ಚು ಪ್ರವಾಹ ಹರಿಯಲೇ ಇಲ್ಲ. ಅದು ಹೋಗುವುದಾದರೂ ಹೇಗೆ? ದೀಪದ ಸ್ವಿಚ್ ಆಫ್ ಇದ್ದರೂ, ಕೀಲಿ ತೆಗೆದು ಗಾಡಿಯನ್ನು ಮನೆ ಮುಂದೆ ನಿಲ್ಲಿಸಿದ್ದರೂ ಈ ದಾರಿ ತೆರೆದೇ ಇರುತ್ತದೆ. ಹೆಚ್ಚು ಹೆದರಿಸಿದ ವಿಷಯ ನನಗೆ ಇದು. ರಾತ್ರಿ ಆಗಿದ್ದರೆ?

ಆದ್ದರಿಂದ ಫ್ಯೂಸಿನ ಜಾಗ ಬ್ಯಾಟರಿಯ ಪಕ್ಕ. “ಒಂದು ಗೇಣು ದಾಟಬಾರದು” ಎಂಬುದು ಅಣ್ಣನ ಅಳತೆ. ಫ್ಯೂಸಿನ ನಂತರ ವೈರು ಎಲ್ಲಿ ತಗಡಿಗೆ ತಾಗಿದರೂ ಆ ಗಿಡ್ಡ ದಾರಿಯಲ್ಲಿ ಫ್ಯೂಸ್ ಇದ್ದೇ ಇರುತ್ತದೆ. ಫ್ಯೂಸಿಗಿಂತ ಮುಂಚಿನ ಆ ಗೇಣುದ್ದಕ್ಕೆ ಮಾತ್ರ ಕಾವಲಿಲ್ಲ, ಅದನ್ನು ಚಿಕ್ಕದಾಗಿಯೂ ಭದ್ರವಾಗಿಯೂ ಇಡಬೇಕು.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಸರಿಯಾಗುತ್ತದೆ. ಮನೆಯ ಪಾಠದಲ್ಲಿ ‘ಫ್ಯೂಸ್ ಉಪಕರಣಗಳನ್ನು ರಕ್ಷಿಸುತ್ತದೆ’ ಎಂದು ಒತ್ತಿ ಹೇಳಿ, ತಂತಿಯನ್ನು ಮರೆಯುತ್ತೇವೆ. ಗಾಡಿಯಲ್ಲಿ ಫ್ಯೂಸ್ ಮುಖ್ಯವಾಗಿ ಕಾಯುವುದು ವೈರನ್ನು. ಎರಡು 55 ವ್ಯಾಟ್ ದೀಪಕ್ಕೆ ಒಟ್ಟು 110 ವ್ಯಾಟ್, 12 ವೋಲ್ಟಿನಲ್ಲಿ 9.2 ಆಂಪಿಯರ್. ಇದಕ್ಕೆ 15 ಆಂಪಿಯರ್ ಫ್ಯೂಸ್ ಹಾಕುತ್ತಾರೆ, ಗಾಡಿಯ ಚಪ್ಪಟೆ ಫ್ಯೂಸಿನಲ್ಲಿ ಅದು ನೀಲಿ ಬಣ್ಣ (10ಕ್ಕೆ ಕೆಂಪು, 20ಕ್ಕೆ ಹಳದಿ, 30ಕ್ಕೆ ಹಸಿರು). ಆದರೆ ವೈರು 15 ಆಂಪಿಯರನ್ನು ನಿಶ್ಚಿಂತೆಯಿಂದ ತಾಳುವಂತಿರಬೇಕು. ವೈರು ತೆಳುವಾಗಿದ್ದರೆ ಫ್ಯೂಸಿಗಿಂತ ಮೊದಲು ವೈರೇ ಫ್ಯೂಸಾಗುತ್ತದೆ.

ತೆಳು ವೈರಿನ ಇನ್ನೊಂದು ನಷ್ಟವೂ ಲೆಕ್ಕಕ್ಕೆ ಸಿಗುತ್ತದೆ. ಬ್ಯಾಟರಿಯಿಂದ ಒಳಗೆ ಬಂದು ಮತ್ತೆ ದೀಪದವರೆಗೆ ಒಟ್ಟು ನಾಲ್ಕು ಮೀಟರ್ ಎಂದರೆ 0.5 ಚದರ ಮಿ.ಮೀ. ವೈರಿನ ರೋಧ 0.136 ಓಮ್. 9.2 ಆಂಪಿಯರಿಗೆ ದಾರಿಯಲ್ಲೇ 1.25 ವೋಲ್ಟ್ ಕಳೆದುಹೋಗುತ್ತದೆ. 2.5 ಚದರ ಮಿ.ಮೀ. ವೈರಾದರೆ ಕಾಲು ವೋಲ್ಟ್ ಮಾತ್ರ. ದೀಪ ಮಂಕಾಗಿದೆ ಎಂದು ಹುಡುಗನ ಅಪ್ಪ ಮೊದಲ ದಿನವೇ ಹೇಳಿದ್ದರಂತೆ.

ತೂತು ಮಾಡುವ ಕೆಲಸ

ಅಣ್ಣ ಆ ಪಿಕಪ್ಪಿಗೆ ಮತ್ತೆ ವೈರು ಹಾಕುವಾಗ ನಾನು ಪಕ್ಕದಲ್ಲಿದ್ದೆ, ಹುಡುಗನೂ ಇದ್ದ. ಮೊದಲು ಬ್ಯಾಟರಿಯ ಋಣ ತುದಿ ಬಿಚ್ಚಿದರು. ಯಾಕೆ ಅದೇ ಮೊದಲು ಎಂದು ನಾನು ಕೇಳುವ ಮುಂಚೆ ಹುಡುಗ ಹೇಳಿಬಿಟ್ಟ: “ಸ್ಪ್ಯಾನರ್ ಬಾಡಿಗೆ ತಗುಲಿದ್ರೂ ಎರಡೂ ಒಂದೇ ಅಲ್ವಾ ಮಿಸ್.” ಧನ ತುದಿ ಬಿಚ್ಚುವಾಗ ಸ್ಪ್ಯಾನರ್ ತಗಡಿಗೆ ತಾಗಿದರೆ ಆಗುವುದು ಮೇಲೆ ಹೇಳಿದ ಗಿಡ್ಡ ದಾರಿಯೇ, ತೆಳು ವೈರಿನ ಬದಲು ದಪ್ಪ ಉಕ್ಕಿನಲ್ಲಿ.

ಆಮೇಲೆ ಅವರು ಡ್ರಿಲ್ಲಿಗೆ ಕೈ ಹಾಕಲಿಲ್ಲ, ಟಾರ್ಚ್ ಹಿಡಿದು ಗೋಡೆಯನ್ನು ಹುಡುಕಿದರು. ಬಳಸದೆ ರಬ್ಬರ್ ಮುಚ್ಚಳ ಹಾಕಿ ಬಿಟ್ಟ ತೂತುಗಳು ಎಷ್ಟೋ ಗಾಡಿಗಳಲ್ಲಿ ಇರುತ್ತವೆ. ಮುಖ್ಯ ವೈರಿಂಗಿನ ಬುಷ್‌ನಲ್ಲಿ ಜಾಗ ಇದ್ದರೆ ಅದರ ರಬ್ಬರಿನಲ್ಲೇ ಚಿಕ್ಕ ಸಂದು ಮಾಡಿ ವೈರು ದಾಟಿಸಬಹುದು, ಒಳಗಿನ ವೈರುಗಳಿಗೆ ಗಾಯವಾಗದ ಹಾಗೆ. ಹೊಸ ತೂತು ಕೊನೆಯ ಉಪಾಯ.

ಇಲ್ಲಿ ತೂತು ಆಗಲೇ ಆಗಿಹೋಗಿತ್ತು, ಅದನ್ನೇ ಸರಿಮಾಡಬೇಕಿತ್ತು. ಹೊಸದಾಗಿ ಕೊರೆಯುವುದಾದರೆ ಗೋಡೆಯ ಎರಡೂ ಬದಿ ನೋಡಬೇಕು ಎಂದರು. ಆಚೆ ಬದಿಯಲ್ಲಿ ಬ್ರೇಕಿನ ಪೈಪು, ಎಸಿ ಪೈಪು ಅಥವಾ ಬೇರೆ ವೈರಿಂಗ್ ಇರಬಹುದು. ಡ್ರಿಲ್ ಬಿಟ್ಟು ತಗಡು ದಾಟಿದ ಕೂಡಲೇ ಮುಂದಕ್ಕೆ ನುಗ್ಗುತ್ತದೆ, ಅದಕ್ಕೆ ಬಿಟ್ಟಿನ ಮೇಲೆ ಒಂದು ಮರದ ತುಂಡು ಸಿಕ್ಕಿಸಿ ತುದಿ ಮಾತ್ರ ಹೊರಗೆ ಬಿಡುತ್ತಾರೆ. ಮಧ್ಯಬಿಂದುವಿಗೆ ಪಂಚಿನಿಂದ ಒಂದು ಗುಳಿ ಹಾಕದಿದ್ದರೆ ಬಿಟ್ ಜಾರುತ್ತದೆ.

ತೂತಿನ ಅಂಚನ್ನು ಉರುಟು ಅರದಿಂದ ಎರಡೂ ಬದಿ ಉಜ್ಜುವ ಕೆಲಸವನ್ನು ಅಣ್ಣ ಹುಡುಗನಿಗೇ ಕೊಟ್ಟರು. ಬೆರಳು ಸುತ್ತಿಸಿದರೆ ಎಲ್ಲೂ ಗೀಚಬಾರದು. ಬಣ್ಣ ಹೋದ ಕಡೆ ತುಕ್ಕು ಹಿಡಿಯುತ್ತದೆಂದು ಅಂಚಿಗೆ ಪ್ರೈಮರ್ ಹಚ್ಚಿ ಒಣಗಲು ಬಿಟ್ಟರು. ಆಮೇಲೆ ಬುಷ್. ತೂತಿಗಿಂತ ಬುಷ್ ಸಡಿಲವಾಗಿದ್ದರೆ ನಡುಕಕ್ಕೆ ಕಳಚಿ ಬೀಳುತ್ತದೆ, ಆದ್ದರಿಂದ ಬುಷ್ ಕೈಯಲ್ಲಿಟ್ಟುಕೊಂಡೇ ತೂತಿನ ಅಳತೆ ನಿರ್ಧರಿಸಬೇಕು. ವೈರಿಗೆ ಮಡಿಕೆ ಮಡಿಕೆಯ ಪ್ಲಾಸ್ಟಿಕ್ ಸ್ಲೀವು ಹಾಕಿ, ಬುಷ್ ಮೂಲಕ ತೂರಿಸಿ, ಉಳಿದ ಸಂದಿಗೆ ಸಿಲಿಕಾನ್ ತುಂಬಿದರು. ಗೋಡೆ ಹೊಗೆಯನ್ನೂ ತಡೆಯಬೇಕಲ್ಲ.

ಒಂದು ಸಣ್ಣ ವಿಷಯ ನನಗೆ ಬಹಳ ಹಿಡಿಸಿತು. ಎಂಜಿನ್ ಬದಿಯಲ್ಲಿ ವೈರು ತೂತಿಗೆ ನೇರವಾಗಿ ಬರದೆ, ತೂತಿಗಿಂತ ಸ್ವಲ್ಪ ಕೆಳಗೆ ಇಳಿದು ಮತ್ತೆ ಮೇಲೇರಿ ಒಳಗೆ ಹೋಗುವಂತೆ ಬಿಟ್ಟರು. ಮಳೆಗಾಲದಲ್ಲಿ ವೈರಿನ ಗುಂಟ ಹರಿದು ಬರುವ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ಬರುವುದಿಲ್ಲ. ಎಂಜಿನ್ ಅಲುಗಾಡಿದಾಗ ವೈರು ಎಳೆದುಕೊಳ್ಳದಂತೆ ಅಷ್ಟು ಸಡಿಲವೂ ಸಿಗುತ್ತದೆ. ಗೋಡೆಯ ಎರಡೂ ಬದಿ ಹತ್ತಿರದಲ್ಲೇ ವೈರನ್ನು ಕಟ್ಟಿದರು. ಬಿಸಿ ಸೈಲೆನ್ಸರ್ ಪೈಪು, ಸ್ಟಿಯರಿಂಗ್ ಕಂಬ, ಪೆಡಲ್ಲುಗಳಿಂದ ದೂರ.

ಇಷ್ಟಾದ ಮೇಲೆ ಅವರು ಮಾಡಿದ್ದು ನಿಜವಾದ ಜಾಣತನ. ದೀಪದ ಪ್ರವಾಹ ಗೋಡೆ ದಾಟುವುದೇ ಬೇಡ ಎಂದು ರಿಲೇ ಹಾಕಿದರು. ಬ್ಯಾಟರಿಯಿಂದ ಫ್ಯೂಸ್, ಫ್ಯೂಸಿನಿಂದ ರಿಲೇ, ರಿಲೇಯಿಂದ ದೀಪ, ದಪ್ಪ ವೈರೆಲ್ಲ ಎಂಜಿನ್ ಬದಿಯಲ್ಲೇ ಉಳಿಯಿತು. ರಿಲೇಯೊಳಗಿನ ವಿದ್ಯುತ್ಕಾಂತವನ್ನು ಎಚ್ಚರಿಸಲು ಮಾತ್ರ ಕ್ಯಾಬಿನ್ನಿನ ಫ್ಯೂಸ್ ಬಾಕ್ಸಿನಿಂದ ಸ್ವಿಚ್ಚಿನ ಮೂಲಕ ಒಂದು ಸಣ್ಣ ವೈರು ಹೊರಗೆ ಬಂತು. ಅದರಲ್ಲಿ ಹರಿಯುವುದು ಒಂದು ಆಂಪಿಯರಿನ ಐದನೇ ಒಂದು ಭಾಗಕ್ಕೂ ಕಡಿಮೆ. ವಿದ್ಯುತ್ಕಾಂತದ ಉಪಯೋಗಕ್ಕೆ ನಾವು ಕರೆಗಂಟೆಯನ್ನೇ ಉದಾಹರಿಸುತ್ತೇವೆ. ಹತ್ತನೇ ತರಗತಿಯ ಎರಡು ಅಧ್ಯಾಯಗಳು ಬೆಂಕಿಪೊಟ್ಟಣದಷ್ಟು ದೊಡ್ಡ ಈ ಡಬ್ಬಿಯಲ್ಲಿ ಒಟ್ಟಿಗೇ ಇವೆ.

ಎರಡನೆಯ ಪಾಠ

ಮಾರ್ಗದರ್ಶಕ ಶಿಕ್ಷಕಿಯ ಒಪ್ಪಿಗೆ ಪಡೆದು ಅದೇ ತರಗತಿಗೆ ಇನ್ನೊಂದು ಅವಧಿ ತೆಗೆದುಕೊಂಡೆ. ಮೊದಲು, “ಅವತ್ತು ನಾನು ಹೇಳಿದ ಉತ್ತರ ಅರ್ಧ ಮಾತ್ರ ಸರಿ” ಎಂದೆ. ಮಕ್ಕಳು ಸುಮ್ಮನೆ ಕೇಳಿಸಿಕೊಂಡರು. ನಾನು ಹೆದರಿದ್ದಂತೆ ಯಾರೂ ನಗಲಿಲ್ಲ.

ಗಾಡಿಯ ಬ್ಯಾಟರಿಯನ್ನು ತರಗತಿಗೆ ತರಬಾರದೆಂದು ನಿರ್ಧರಿಸಿದ್ದೆ. ಸಹ ಪ್ರಶಿಕ್ಷಣಾರ್ಥಿಗಳು ಮಾಡುವುದಿದ್ದರೂ ದಯವಿಟ್ಟು ತರಬೇಡಿ. ನಾಲ್ಕು ದೊಡ್ಡ ಟಾರ್ಚ್ ಸೆಲ್ ಸರಣಿಯಲ್ಲಿ ಇಟ್ಟರೆ 6 ವೋಲ್ಟ್ ಸಿಗುತ್ತದೆ, ಅಷ್ಟು ಸಾಕು. ಎಣ್ಣೆ ಡಬ್ಬದ ಒಂದು ಬದಿಯ ತಗಡನ್ನು ಕತ್ತರಿಸಿ, ಅಂಚು ಮಡಚಿ, ಮರದ ಹಲಗೆಯ ಮೇಲೆ ಗೋಡೆಯ ಹಾಗೆ ನಿಲ್ಲಿಸಿದೆ. ಸೆಲ್ಲಿನ ಋಣ ತುದಿಯನ್ನು ತಗಡಿಗೆ ಜೋಡಿಸಿದೆ. ಧನ ತುದಿಯ ವೈರು ತಗಡಿನ ತೂತಿನಿಂದ ಆಚೆ ಹೋಗಿ 6 ವೋಲ್ಟಿನ ಬಲ್ಬಿಗೆ ಸೇರುತ್ತದೆ, ಬಲ್ಬಿನ ಇನ್ನೊಂದು ತುದಿ ತಗಡಿಗೇ. ವೈರಿನ ಮೇಲೆ ಒಂದು ಕಡೆ ಬೇಕೆಂದೇ ಒಂದು ಸೆಂಟಿಮೀಟರ್ ಹೊದಿಕೆ ಸುಲಿದಿದ್ದೆ. ವೈರು ಜಗ್ಗಿದರೆ ಸುಲಿದ ಜಾಗ ತೂತಿನ ಅಂಚಿಗೆ ಬರುತ್ತದೆ.

ಫ್ಯೂಸ್ ಇಡಲು ಎರಡು ಜಾಗ ಮಾಡಿದ್ದೆ, ಒಂದು ಸೆಲ್ಲಿನ ಪಕ್ಕ, ಒಂದು ಬಲ್ಬಿನ ಪಕ್ಕ. ಬಳಸದ ಜಾಗವನ್ನು ದಪ್ಪ ತಾಮ್ರದ ತಂತಿಯಿಂದ ಕೂಡಿಸುವುದು. ಫ್ಯೂಸಿಗೆ ಉಕ್ಕಿನ ನಾರು. ಪಾತ್ರೆ ತಿಕ್ಕುವ ಸುರುಳಿ ಸುರುಳಿಯ ಸ್ಕ್ರಬ್ಬರ್ ಆಗುವುದಿಲ್ಲ, ಅದರ ಎಳೆ ದಪ್ಪ, ನಾನು ಒಂದು ಸಂಜೆ ಅದರಲ್ಲೇ ಹಾಳು ಮಾಡಿಕೊಂಡೆ. ಬಣ್ಣದ ಕೆಲಸದವರು ಮರ ಉಜ್ಜಲು ಬಳಸುವ ಕೂದಲಿನಂಥ ನಾರು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಒಂದೆಳೆ ಹಾಕಿದರೆ ಬಲ್ಬ್ ಹತ್ತುವಾಗಲೇ ಕಡಿಯುತ್ತಿತ್ತು, ಮೂರೆಳೆ ಹೊಸೆದಾಗ ನಿಂತಿತು. ಕೆಳಗೆ ಒಂದು ಹೆಂಚಿನ ಚೂರು ಇಟ್ಟಿದ್ದೆ, ಕಾದ ನಾರು ಹಲಗೆಯ ಮೇಲೆ ಬೀಳದಿರಲಿ ಎಂದು.

ಮೊದಲು ಫ್ಯೂಸನ್ನು ಬಲ್ಬಿನ ಪಕ್ಕ ಇಟ್ಟು, ಏನಾಗುತ್ತದೆ ಎಂದು ಊಹಿಸಿ ಬರೆಯಲು ಹೇಳಿದೆ. ಹೆಚ್ಚಿನವರು ‘ಫ್ಯೂಸ್ ಕಡಿಯುತ್ತದೆ’ ಎಂದೇ ಬರೆದರು. ವೈರು ಜಗ್ಗಿದೆ. ಬಲ್ಬ್ ಆರಿತು. ನಾರು ಹಾಗೇ ಇತ್ತು. ಎರಡು ಮೂರು ಸೆಕೆಂಡಿಗೇ ಬಿಡಿಸಿ, ಸೆಲ್ಲಿನ ಪಕ್ಕದ ವೈರನ್ನು ಮುಟ್ಟಿ ನೋಡಿ ಎಂದೆ, ಬೆಚ್ಚಗಾಗಿತ್ತು. ಮುಂದಿನ ಬೆಂಚಿನ ಹುಡುಗಿ, “ಮಿಸ್, ಕರೆಂಟು ಫ್ಯೂಸ್ ಹತ್ರ ಹೋಗ್ಲೇ ಇಲ್ಲ” ಎಂದಳು. ನಾನು ಅರ್ಧ ಗಂಟೆ ಹೇಳಬೇಕೆಂದಿದ್ದ ಮಾತು ಅದು.

ಎರಡನೆಯ ಸಲ ಫ್ಯೂಸ್ ಸೆಲ್ಲಿನ ಪಕ್ಕ. ವೈರು ಅಂಚಿಗೆ ತಾಗಿದ ಕೂಡಲೇ ನಾರು ಕೆಂಪಗಾಗಿ ಕಡಿಯಿತು. ಮೂರನೆಯ ಸಲ ತೂತಿಗೆ ಬುಷ್ ಕೂರಿಸಿ ಅದೇ ಸುಲಿದ ವೈರನ್ನು ಹಿಂದಕ್ಕೂ ಮುಂದಕ್ಕೂ ಎಳೆದೆ, ಬಲ್ಬ್ ಉರಿಯುತ್ತಲೇ ಇತ್ತು. ಬುಷ್ ಇದ್ದರೆ ಫ್ಯೂಸ್ ಯಾಕೆ ಎಂದು ಒಬ್ಬ ಕೇಳಿದ. ಕಿಟಕಿ ಪಕ್ಕದ ಹುಡುಗ ಉತ್ತರ ಹೇಳಿದ: “ಬುಷ್ ಹರಿದೋದ್ರೆ?” ಅವನು ಆ ದಿನ ಮಾತಾಡಿದ್ದು ಅದೇ ಮೊದಲು.

ಪಾಠ ನಲವತ್ತು ನಿಮಿಷ ಮೀರಿತು. ವೀಕ್ಷಣಾ ಹಾಳೆಯಲ್ಲಿ ಸಮಯ ನಿರ್ವಹಣೆಗೆ ಅಂಕ ಕಡಿಮೆ ಬಂತು, ‘ವಿಷಯ ಪಠ್ಯದ ವ್ಯಾಪ್ತಿ ಮೀರಿದೆ’ ಎಂಬ ಟಿಪ್ಪಣಿಯೂ ಬಂತು. ಮೊದಲನೆಯದನ್ನು ಒಪ್ಪುತ್ತೇನೆ, ಊಹೆ ಬರೆಸುವುದನ್ನು ಒಂದೇ ಪ್ರಯೋಗಕ್ಕೆ ಇಡಬಹುದಿತ್ತು. ಎರಡನೆಯದಕ್ಕೆ ನನ್ನ ತಕರಾರಿದೆ. ಹ್ರಸ್ವಮಂಡಲ, ಫ್ಯೂಸ್, ಜೌಲನ ನಿಯಮ, ರೋಧಶೀಲತೆ, ವಿದ್ಯುತ್ಕಾಂತ ಎಲ್ಲವೂ ಪಠ್ಯದಲ್ಲೇ ಇವೆ. ಹೊಸದಾಗಿ ಬಂದದ್ದು ಗಾಡಿ ಒಂದೇ, ಅದು ಆ ತರಗತಿಯ ಎಷ್ಟೋ ಮಕ್ಕಳ ಮನೆ ಮುಂದೆ ನಿಂತಿದೆ. ಅಲ್ಲದೆ, ತಪ್ಪು ಉತ್ತರಕ್ಕೆ ಮೆಚ್ಚುಗೆ ಬಂದದ್ದೂ ಇದೇ ಹಾಳೆಯಲ್ಲಿ. ವೀಕ್ಷಕರನ್ನು ದೂರುತ್ತಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ. ಆದರೆ ‘ಪ್ರಶ್ನೆ ಕೇಳಿದ ವಿದ್ಯಾರ್ಥಿ ಅದನ್ನು ಎಲ್ಲಿ ಬಳಸಲಿದ್ದಾನೆ ಎಂದು ಶಿಕ್ಷಕರು ವಿಚಾರಿಸಿದರೇ?’ ಎಂಬ ಒಂದು ಸಾಲು ನಮ್ಮ ವೀಕ್ಷಣಾ ನಮೂನೆಯಲ್ಲಿ ಇದ್ದರೆ ಒಳ್ಳೆಯದು.

ಘಟಕ ಪರೀಕ್ಷೆಗೆ ಒಂದು ಪ್ರಶ್ನೆ ಸೇರಿಸಿದ್ದೆ: ಅದೇ 110 ವ್ಯಾಟಿನ ದೀಪಗಳನ್ನು 24 ವೋಲ್ಟಿನ ಲಾರಿಗೆ ತಕ್ಕಂತೆ ಮಾಡಿದರೆ ಪ್ರವಾಹ ಎಷ್ಟು, ಫ್ಯೂಸ್ ಎಲ್ಲಿ? ಕಿಟಕಿ ಪಕ್ಕದ ಹುಡುಗ 4.6 ಆಂಪಿಯರ್ ಎಂದು ಬರೆದು, ಕೇಳದಿದ್ದರೂ ಚಿತ್ರ ಬಿಡಿಸಿದ್ದ. ಬ್ಯಾಟರಿಗೆ ಅಂಟಿದಂತೆ ಫ್ಯೂಸ್, ಗೋಡೆಯ ಮೇಲೆ ಒಂದು ದಪ್ಪ ವೃತ್ತ, ಪಕ್ಕದಲ್ಲಿ ‘ಬುಷ್ ಕಡ್ಡಾಯ’.

ತಗಡಿನ ಹಲಗೆಯನ್ನು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಎರಡನೇ ಕಪಾಟಿನಲ್ಲಿ ಇಟ್ಟಿದ್ದೇನೆ. ಉಕ್ಕಿನ ನಾರು ಪ್ಲಾಸ್ಟಿಕ್ ಡಬ್ಬಿಯಲ್ಲಿದೆ, ತೇವ ತಾಗಿದರೆ ತುಕ್ಕು ಹಿಡಿಯುತ್ತದೆ, ಮುಚ್ಚಳ ಬಿಗಿಯಾಗಿ ಹಾಕಿ. ಸೆಲ್ಲುಗಳನ್ನು ಹೊರಗೆ ತೆಗೆದಿದ್ದೇನೆ, ನಿಮ್ಮದೇ ತರಬೇಕು.